ರೈಲಿನಲ್ಲಿ ಒಲೆ ಇಲ್ಲ

ನಮ್ಮ ಮನೆಯ ಬೇಸ್‌ಮೆಂಟಿನಲ್ಲಿ, ಮನೆ ಬಿಸಿ ಮಾಡುವ ಫರ್ನೇಸಿನ ಪಕ್ಕದ ಮೊಳೆಗೆ ಒಂದು ಕಬ್ಬಿಣದ ಸರಪಳಿ ನೇತಾಡುತ್ತಿದೆ. ಅದರ ತುದಿಗೊಂದು ಕೀಲಿ. ನಮ್ಮ ಹುಬ್ಬಳ್ಳಿ ಕಡೆ ಬೀಗಕ್ಕೆ ಕೀಲಿ ಅಂತಲೇ ಅನ್ನುವುದು, ಅದನ್ನು ತೆಗೆಯುವುದು ಕೀಲಿಕೈ. ಈ ಕೀಲಿಯ ಕೊಂಡಿಯನ್ನು ಯಾರೋ ಕಟರ್ ಹಾಕಿ ಕತ್ತರಿಸಿದ್ದಾರೆ, ಹಾಗಾಗಿ ಅದು ಯಾವ ಉಪಯೋಗಕ್ಕೂ ಬರುವುದಿಲ್ಲ. ಚಳಿ ಮುಗಿದು ಹಿಮ ಕರಗಿದ ಕೂಡಲೇ ನಮ್ಮನೆಯವರಿಗೆ ಬೇಸ್‌ಮೆಂಟ್ ಸ್ವಚ್ಛ ಮಾಡುವ ಹುಕಿ ಬರುತ್ತದೆ. ಈ ಸಲವೂ ಬಂತು. ಸರಪಳಿಯನ್ನು ಎರಡು ಬೆರಳಲ್ಲಿ ಹಿಡಿದುಕೊಂಡು ಮೇಲೆ ಬಂದರು.

"ಇದನ್ನು ಬಿಸಾಡುವನಾ?"

"ಇರ್ಲಿ ಬಿಡ್ರಿ."

"ಇಟ್ಟು ಎಂತ ಮಾಡ್ತಿ? ಕಟ್ಟಿ ಹಾಕ್ಲಿಕ್ಕೆ ಈಗ ಮನೆಯಲ್ಲಿ ಯಾರಿದ್ದಾರೆ?"

ತಮಾಷೆಗೆ ಅಂದದ್ದು. ಆದರೆ ಅಂದಾದ ಮೇಲೆ ಅವರೇ ಕೆಳಗಿಳಿದು ಅದನ್ನು ಮತ್ತೆ ಮೊಳೆಗೆ ಹಾಕಿ ಬಂದರು.

ಈ ಸರಪಳಿಯ ವಿಷಯ ಹೇಳಬೇಕೆಂದರೆ ಮೊದಲು ವಿಮಾನದ ವಿಷಯ ಹೇಳಬೇಕು. ನಾವಿರುವುದು ಕೆನಡಾದ ಮಾಲ್ಟನ್‌ನಲ್ಲಿ. ಪಿಯರ್ಸನ್ ವಿಮಾನ ನಿಲ್ದಾಣದ ಬೇಲಿ ದಾಟಿದರೆ ನಮ್ಮ ಓಣಿ ಅಂದರೂ ಹೆಚ್ಚು ಸುಳ್ಳಲ್ಲ. ನಮ್ಮ ಹಿತ್ತಿಲ ಮೇಲೆ ವಿಮಾನಗಳು ಎಷ್ಟು ಕೆಳಗೆ ಬರುತ್ತವೆಂದರೆ, ಮನೆಗೆ ಹೊಸದಾಗಿ ಬಂದವರು ತಲೆ ತಗ್ಗಿಸುತ್ತಾರೆ. ಇಲ್ಲಿಯವರಿಗೆಲ್ಲ ಒಂದು ಅಭ್ಯಾಸ ಬಿದ್ದುಹೋಗಿದೆ. ಮಾತಿನ ನಡುವೆ ವಿಮಾನ ಬಂದರೆ ಮಾತನ್ನು ಅಲ್ಲಿಗೇ ನಿಲ್ಲಿಸುವುದು, ಅದು ಹೋದ ಮೇಲೆ ಬಿಟ್ಟಲ್ಲಿಂದ ಹಿಡಿಯುವುದು. ಪಕ್ಕದ ಮನೆಯ ಪಂಜಾಬಿ ಆಂಟಿ ಬೇಲಿಯಾಚೆ ನಿಂತು ಸೊಸೆಯ ಸುದ್ದಿ ಹೇಳುತ್ತ "ಔರ್ ಫಿರ್ ಉಸ್‌ನೇ..." ಅಂದು ನಿಲ್ಲುತ್ತಾರೆ. ನಾನು ಮೆಂತ್ಯದ ಸಿವುಡು ಕೈಯಲ್ಲಿ ಹಿಡಿದು ಕಾಯುತ್ತೇನೆ. ವಿಮಾನ ಹೋಗುತ್ತದೆ. "ದೂಧ್ ಬಾಹರ್ ಹೀ ಛೋಡ್ ದಿಯಾ" ಅನ್ನುತ್ತಾರೆ, ಹಾಲನ್ನು ಹೊರಗೇ ಬಿಟ್ಟಳಂತೆ. ಅಷ್ಟರಲ್ಲಿ ನಾನು ಆ ಸೊಸೆಯ ಬಗ್ಗೆ ಏನೇನೋ ಊಹಿಸಿ ಮುಗಿಸಿರುತ್ತೇನೆ. ಒಮ್ಮೆ ಹುಬ್ಬಳ್ಳಿಗೆ ಹೋದಾಗ, ಅತ್ತಿಗೆ ಮಿಕ್ಸರ್ ಹಾಕಿದ ಕೂಡಲೇ ನಾನು ಅರ್ಧ ಮಾತಿಗೆ ನಿಂತುಬಿಟ್ಟೆ. "ಯಾಕವ್ವಾ, ಎದಿ ನೋವು ಬಂತೇನು" ಅಂತ ಪಾಪ ಅವಳು ನೀರು ತಂದು ಕೊಟ್ಟಳು.

ಹೀಗೆ ಇಪ್ಪತ್ತು ವರ್ಷ ವಿಮಾನದ ಕೆಳಗೆ ಸಂಸಾರ ಮಾಡಿದವಳಿಗೆ ವಿಮಾನ ಅಂದರೆ ಮಾತು ಕತ್ತರಿಸುವ ಒಂದು ವಸ್ತು, ಅಷ್ಟೇ. ನಮ್ಮನೆಯವರಿಗೆ ಹಾಗಲ್ಲ. ಅವರು ಉಡುಪಿಯ ಕಡೆಯವರು. ಅವರ ಊರಿಗೆ ರೈಲು ಬಂದದ್ದೇ ನಮ್ಮ ಮದುವೆಯಾದ ಮೇಲೆ. ಬಾಲ್ಯದಲ್ಲಿ ಅವರು ಕಂಡದ್ದು ಘಾಟಿಯ ಬಸ್ಸು ಮತ್ತು ವಾಂತಿ. ಹಾಗಾಗಿ ಪ್ರಯಾಣ ಅಂದರೆ ಎಷ್ಟು ಬೇಗ ಮುಗಿದರೆ ಅಷ್ಟು ಪುಣ್ಯ ಎಂಬುದು ಅವರ ಮತ. ಮೇಲಾಗಿ ಅವರು ನಮ್ಮ ಹತ್ತಿರದ ಊರಾದ ವಾನ್‌ನ ಒಂದು ವೇರ್‌ಹೌಸಿನಲ್ಲಿ ಸೂಪರ್‌ವೈಸರ್. ಯಾವ ಸಾಮಾನು ಯಾವ ದಾರಿಯಲ್ಲಿ ಬೇಗ ಮುಟ್ಟುತ್ತದೆ ಅಂತ ನೋಡುವುದೇ ಅವರ ದಿನದ ಕೆಲಸ. ಮನೆಯವರನ್ನು ಪ್ರವಾಸ ಕರೆದೊಯ್ಯುವಾಗಲೂ ಅದೇ ಕಣ್ಣು. ಮೂರು ಜನ, ಮೂರು ಸೂಟ್‌ಕೇಸು, ಎತ್ತಿ ಇಲ್ಲಿಂದ ಅಲ್ಲಿಗೆ ಇಡಬೇಕು.

2018ರ ಬೇಸಿಗೆಯಲ್ಲಿ ನಾವು ಯುರೋಪಿಗೆ ಹೊರಟೆವು. ಮಗಳು ಶಾಲ್ಮಲಾ ಹೈಸ್ಕೂಲು ಮುಗಿಸಿದ್ದಳು. ನಮ್ಮ ಧಾರವಾಡದ ಹೊಳೆಯ ಹೆಸರು ಅಂತ ನಾನು ಹಟ ಮಾಡಿ ಇಟ್ಟದ್ದು. ಇಲ್ಲಿನ ಶಾಲೆಯವರು ಅದನ್ನು ಕತ್ತರಿಸಿ "ಶಾಲ್" ಮಾಡಿದರು. ಆಗಸ್ಟ್ ಕೊನೆಗೆ ಅವಳು ವ್ಯಾಂಕೂವರಿನ ಯೂನಿವರ್ಸಿಟಿಗೆ ಹೋಗುವವಳು. ದೇಶದ ಈ ತುದಿಯಿಂದ ಆ ತುದಿ. ಹೋಗುವ ಮುಂಚೆ ಮೂವರೂ ಒಂದು ಸಲ ಎಲ್ಲಾದರೂ ಹೋಗಿಬರೋಣ ಅಂತ ನಾನು ಹಿಂದೆ ಬಿದ್ದಿದ್ದೆ.

ಕಾರಣ ಹೇಳಿಬಿಡುತ್ತೇನೆ. ನನಗೆ ಯುರೋಪು ಬೇಕಾಗಿರಲಿಲ್ಲ, ಮಗಳು ಬೇಕಾಗಿದ್ದಳು. ಇಲ್ಲಿ ಮಕ್ಕಳು ತಾಯಂದಿರ ಜೊತೆ ಮಾತಾಡುವುದು ಕಾರಿನಲ್ಲಿ. ಭರತನಾಟ್ಯದ ಕ್ಲಾಸಿಗೆ ಬ್ರ್ಯಾಂಪ್ಟನ್, ಈಜಿಗೆ ಇನ್ನೊಂದು ಕಡೆ, ಗೆಳತಿಯ ಮನೆಗೆ ಮತ್ತೊಂದು ಕಡೆ, ಹೀಗೆ ಹತ್ತು ವರ್ಷ ಅವಳನ್ನು ಹೊತ್ತು ತಿರುಗಿದೆ. ಮನೆಯಲ್ಲಿ ತುಟಿ ಬಿಚ್ಚದ ಹುಡುಗಿ ಕಾರಿನಲ್ಲಿ ಎಲ್ಲ ಹೇಳುತ್ತಿದ್ದಳು. ಒಬ್ಬರ ಮುಖ ಒಬ್ಬರು ನೋಡಬೇಕಾಗಿಲ್ಲವಲ್ಲ, ಇಬ್ಬರೂ ರಸ್ತೆ ನೋಡುತ್ತಿರುತ್ತೇವಲ್ಲ, ಅದಕ್ಕೇ ಇರಬೇಕು. ಯಾರು ಯಾರ ಜೊತೆ ಮಾತು ಬಿಟ್ಟರು, ಯಾವ ಟೀಚರ್ ಏನಂದರು, ಎಲ್ಲ. ನಾನು ಕನ್ನಡದಲ್ಲಿ ಕೇಳುವುದು, ಅವಳು ಇಂಗ್ಲಿಷಿನಲ್ಲಿ ಹೇಳುವುದು. ಆಮೇಲೆ ಅವಳಿಗೆ ಲೈಸೆನ್ಸ್ ಬಂತು. ನಾನೇ ಪಕ್ಕದಲ್ಲಿ ಕೂತು ಕಲಿಸಿದ್ದೆ, ಪಾಸಾದಾಗ ಓಣಿಗೆಲ್ಲ ಜಿಲೇಬಿ ಹಂಚಿದ್ದೆ. ಮರುವಾರದಿಂದ ಅವಳು ಕೀ ತೆಗೆದುಕೊಂಡು ಒಬ್ಬಳೇ ಹೊರಟಳು. ಮಾತೂ ಅವಳ ಜೊತೆಗೇ ಹೋಯಿತು. ಜಿಲೇಬಿ ಹಂಚಿದ್ದು ಯಾವ ಖುಷಿಗೆ ಅಂತ ನನಗೆ ಆಮೇಲೆ ಹೊಳೆಯಿತು.

ಪ್ರವಾಸದ ಲೆಕ್ಕಾಚಾರ ಊಟದ ಮೇಜಿನ ಮೇಲೆ ನಡೆಯಿತು. ಆಮ್‌ಸ್ಟರ್‌ಡ್ಯಾಮಿನಲ್ಲಿ ಇಳಿಯುವುದು, ಅಲ್ಲಿಂದ ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ಗೆ ಹೋಗುವುದು ಅಂತ ನಿಶ್ಚಯವಾಗಿತ್ತು. ಹೇಗೆ ಹೋಗುವುದು ಅನ್ನುವುದಕ್ಕೆ ಜಗಳ ಶುರುವಾಯಿತು.

"ವಿಮಾನದಲ್ಲಿ ಒಂದೂವರೆ ಗಂಟೆ. ರೈಲಲ್ಲಿ ಇಡೀ ದಿನ," ಅಂದರು ನಮ್ಮನೆಯವರು, ಲ್ಯಾಪ್‌ಟಾಪ್ ನನ್ನ ಕಡೆ ತಿರುಗಿಸಿ. "ಇದರಲ್ಲಿ ಯೋಚನೆ ಮಾಡ್ಲಿಕ್ಕೆ ಎಂತ ಉಂಟು?"

"ಇಡೀ ದಿನ ಅದ ಅಂತನs ನಾ ಕೇಳಾಕತ್ತೀನಿ."

"ನಾವು ಯುರೋಪ್ ನೋಡ್ಲಿಕ್ಕೆ ಹೋಗುದಾ, ಕೂತ್ಕೊಳ್ಳಿಕ್ಕೆ ಹೋಗುದಾ ಮಾರಾಯ್ತಿ?"

"ಕೂಡಲಿಕ್ಕೇ ರೀ."

ಅವರು ಮಗಳ ಕಡೆ ನೋಡಿದರು. ಅವಳು ಫೋನಿನಿಂದ ಕಣ್ಣೆತ್ತದೆ "ಫ್ಲೈಟ್ ಈಸ್ ಫಾಸ್ಟರ್" ಅಂದಳು. ಎರಡು ಮತಕ್ಕೆ ಒಂದು. ನಾನು ಎದ್ದು ಪಾತ್ರೆ ತೊಳೆಯಲು ನಿಂತೆ. ಪಾತ್ರೆಗಳು ಮಾಮೂಲಿಗಿಂತ ಸ್ವಲ್ಪ ಹೆಚ್ಚು ಸಪ್ಪಳ ಮಾಡಿದವು. ಆಗಲೇ ಮನೆಯ ಮೇಲೊಂದು ವಿಮಾನ ಬಂತು, ಎಲ್ಲರೂ ಸುಮ್ಮನೆ ಕೂತರು. ಅದು ಹೋದ ಮೇಲೆ ನಮ್ಮನೆಯವರು "ಆಯ್ತು, ರೈಲೇ ಮಾಡುವ" ಅಂದರು. ಅವರ ಮನಸ್ಸು ಬದಲಾದದ್ದು ಪಾತ್ರೆಗೋ ವಿಮಾನಕ್ಕೋ ನಾನು ಕೇಳಲಿಲ್ಲ.

ರೈಲಿಗಾಗಿ ನಾನು ಇಷ್ಟು ಹಟ ಮಾಡಿದ್ದು ನನ್ನ ಅವ್ವನ ಸಲುವಾಗಿ. ಹುಬ್ಬಳ್ಳಿಯ ನಮ್ಮ ಮನೆಯಲ್ಲಿ ಮಂದಿ ಬಹಳ. ಅಜ್ಜಿ, ಕಾಕಾಗಳು, ಅವರ ಮಕ್ಕಳು, ಊರಿಂದ ಬಂದು ಹೋಗುವವರು. ಅವ್ವನ ಮುಖವನ್ನು ನಾನು ನೋಡಿದ್ದಕ್ಕಿಂತ ಬೆನ್ನು ನೋಡಿದ್ದೇ ಹೆಚ್ಚು. ಅವಳು ಸದಾ ಒಲೆಯ ಕಡೆ ತಿರುಗಿ ಕೂತಿರುತ್ತಿದ್ದಳು, ರೊಟ್ಟಿ ಬಡಿಯುತ್ತ. ಏನಾದರೂ ಹೇಳಲು ಹೋದರೆ "ಆಮ್ಯಾಲ ಹೇಳಂತಿ, ಸರಿ" ಅನ್ನುತ್ತಿದ್ದಳು. ಆ ಆಮ್ಯಾಲ ಎಂಬುದು ಬರುತ್ತಿದ್ದದ್ದು ವರ್ಷಕ್ಕೊಮ್ಮೆ, ಬೇಸಿಗೆಯಲ್ಲಿ, ವಿಜಾಪುರದ ರೈಲಿನಲ್ಲಿ. ವಿಜಾಪುರ ಅವಳ ತವರು.

ಆಗ ಅದು ಮೀಟರ್ ಗೇಜಿನ ಸಣ್ಣ ರೈಲು. ಗದಗ, ಬಾದಾಮಿ, ಬಾಗಲಕೋಟೆ ಅಂತ ಎಲ್ಲ ಕಡೆ ನಿಂತು, ನೀರು ಕುಡಿದು, ಉಸಿರು ಬಿಟ್ಟು ಹೋಗುವ ಉಗಿಬಂಡಿ. ಕಿಟಕಿಯಿಂದ ತಲೆ ಹೊರಗೆ ಹಾಕಿದರೆ ಕಣ್ಣಿಗೆ ಇದ್ದಿಲ ಪುಡಿ ಬೀಳುತ್ತಿತ್ತು. ಅವ್ವ ಸೆರಗಿನ ತುದಿಯನ್ನು ಬಾಯಿಂದ ಊದಿ ಬೆಚ್ಚಗೆ ಮಾಡಿ ಕಣ್ಣಿಗೆ ಒತ್ತುತ್ತಿದ್ದಳು. ಆ ಬೆಚ್ಚಗಿನ ಆಸೆಗೆ ನಾನು ಬೇಕಂತಲೇ ತಲೆ ಹೊರಗೆ ಹಾಕುತ್ತಿದ್ದೆ. ಅಪ್ಪ ನಮ್ಮನ್ನು ಹತ್ತಿಸಲು ಬಂದವರು ಟ್ರಂಕನ್ನು ಸೀಟಿನ ಕೆಳಗೆ ನೂಕಿ, ಸರಪಳಿ ಸುತ್ತಿ, ಸೀಟಿನ ಕಾಲಿಗೆ ಕೀಲಿ ಹಾಕಿ ಇಳಿಯುತ್ತಿದ್ದರು. ಟ್ರಂಕಿನಲ್ಲಿ ಇರುತ್ತಿದ್ದದ್ದು ನಾಲ್ಕು ಸೀರೆ, ನಮ್ಮ ಲಂಗ, ಒಂದು ಡಬ್ಬಿ ಕರದಂಟು. ಕೀಲಿಕೈಯನ್ನು ಅವ್ವ ಸೆರಗಿನ ತುದಿಗೆ ಗಂಟು ಹಾಕಿ ಸೊಂಟಕ್ಕೆ ಸಿಕ್ಕಿಸಿಕೊಳ್ಳುವಳು. ರೈಲು ಹೊರಟ ಮೇಲೆ ಬುತ್ತಿ ಬಿಚ್ಚುವಳು. ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಎಣ್ಣೆಗಾಯಿ, ಮೊಸರನ್ನ. ಎದುರು ಕೂತವರಿಗೂ ಕೊಟ್ಟು, ನಮಗೂ ಕೊಟ್ಟು, ಕೈ ತೊಳೆದು ಕೂತಳೆಂದರೆ ಮುಗಿಯಿತು. ಮಾಡಲು ಏನೂ ಉಳಿಯುತ್ತಿರಲಿಲ್ಲ. ಅವಳ ಕೈ ಖಾಲಿ ಇರುವುದನ್ನು ನಾನು ನೋಡಿದ್ದು ಅಲ್ಲಿ ಮಾತ್ರ. ಮೊದಮೊದಲು ಅವಳಿಗೂ ಆ ಕೈಗಳನ್ನು ಎಲ್ಲಿಡಬೇಕು ಅಂತ ತಿಳಿಯದೆ ನನ್ನ ಜಡೆ ಬಿಚ್ಚಿ ಮತ್ತೆ ಹಾಕುತ್ತಿದ್ದಳು.

"ಅವ್ವಾ, ನೀ ಮನ್ಯಾಗ ಯಾಕ ಕಥಿ ಹೇಳಂಗಿಲ್ಲ?" ಅಂತ ಒಮ್ಮೆ ಕೇಳಿದ್ದೆ.

"ರೈಲಿನಾಗ ಒಲಿ ಇಲ್ಲಲ್ಲವಾ," ಅಂದಿದ್ದಳು.

ಅವಳು ಹೇಳುತ್ತಿದ್ದದ್ದು ರಾಜರಾಣಿಯರ ಕಥೆಯಲ್ಲ, ತನ್ನ ತವರಿನದು. ನನ್ನ ಅಜ್ಜ, ಅಂದರೆ ಅವಳ ಅಪ್ಪ, ವಿಜಾಪುರದಲ್ಲಿ ಟಾಂಗಾ ಹೊಡೆಯುತ್ತಿದ್ದ. ಕುದುರೆಯ ಹೆಸರು ಮೋತಿ. ಆ ಮೋತಿಯ ಪ್ರತಾಪಗಳನ್ನು ಅವ್ವ ಊರಿಗೆ ಹತ್ತಿರವಾಗುವ ತನಕ ಹೇಳುವಳು. ತೊಂದರೆ ಏನೆಂದರೆ, ಅವಳ ಕಥೆ ಮುಗಿಯುವ ಮುಂಚೆ ಊರು ಬಂದುಬಿಡುತ್ತಿತ್ತು. "ಮುಂದ ಏನಾತವ್ವಾ?" ಅಂದರೆ "ಸ್ಟೇಷನ್ ಬಂತು, ಏಳ್ರಿ. ಉಳಿದದ್ದು ಮುಂದಿನ ಸಲ" ಅನ್ನುವಳು. ಮುಂದಿನ ಸಲ ಅಂದರೆ ಮುಂದಿನ ವರ್ಷ. ಕೆಲವು ಸಲ ಸಿಗ್ನಲ್ ಸಿಗದೆ ಗಾಡಿ ಊರ ಹೊರಗೇ ನಿಲ್ಲುತ್ತಿತ್ತು. ರೈಲಿನ ಡಬ್ಬಿಯ ತುಂಬ ಜನ ರೈಲ್ವೆಯವರನ್ನು ಬಯ್ಯುವಾಗ ನಾನೊಬ್ಬಳು ಕೈ ಮುಗಿದು ಕೂತಿರುತ್ತಿದ್ದೆ, ಇನ್ನೊಂದಿಷ್ಟು ಹೊತ್ತು ನಿಲ್ಲಲಿ ದೇವರೇ ಅಂತ.

ಕೆನಡಾಕ್ಕೆ ಬರುವಾಗ ಹುಬ್ಬಳ್ಳಿಯಿಂದ ಮುಂಬೈ ತನಕ ರೈಲಿನಲ್ಲೇ ಬಂದಿದ್ದೆವು. ಆಗಲೂ ಅಪ್ಪ ಅದೇ ಸರಪಳಿ ಸುತ್ತಿ ಕೊಟ್ಟಿದ್ದರು. ಅಂದಿನಿಂದ ಅದು ಹಳೆಯ ಸೂಟ್‌ಕೇಸಿನ ಹೊಟ್ಟೆಯಲ್ಲಿ ಮಲಗಿತ್ತು. ಯುರೋಪಿನಲ್ಲಿ ರೈಲು ಅಂತ ಗೊತ್ತಾದ ದಿನವೇ ನಾನು ಅದಕ್ಕೆ ಎಣ್ಣೆ ಹಚ್ಚಿದೆ. ಕಡಕ್ ರೊಟ್ಟಿಯನ್ನೂ ಮಾಡಿ ಡಬ್ಬಿ ತುಂಬಿದೆ. ಯಾರಿಗೂ ಹೇಳಲಿಲ್ಲ.

ಆಮ್‌ಸ್ಟರ್‌ಡ್ಯಾಮಿನಿಂದ ಬೆಳಿಗ್ಗೆ ಹೊರಟೆವು. ಮೊದಲ ರೈಲಿನಲ್ಲಿ ನಮ್ಮದು ಜರ್ಮನಿಯ ಕಲೋನ್ ತನಕ, ಗಾಡಿ ಅಲ್ಲಿಂದ ಮುಂದೆಯೂ ಹೋಗುವಂಥದ್ದು. ಅಲ್ಲಿ ಇಳಿದು, ರೈನ್ ನದಿಯ ದಂಡೆಯಲ್ಲೇ ನಿಧಾನವಾಗಿ ಹೋಗುವ ಇನ್ನೊಂದನ್ನು ಹತ್ತಬೇಕು. ಆ ನಿಧಾನದ ಗಾಡಿಯನ್ನು ಹುಡುಕಿ ಆರಿಸಿದ್ದು ನಾನೇ. ಜೂನ್ ತಿಂಗಳಾದರೂ ಬೆಳಗಿನ ಗಾಳಿ ಥಂಡಿ ಇತ್ತು, ಮಗಳ ಜಾಕೆಟನ್ನು ಕೇಳಿ ಹಾಕಿಕೊಂಡಿದ್ದೆ. ಡಬ್ಬಿಯೊಳಗೆ ಹೋದರೆ ಸೂಟ್‌ಕೇಸ್ ಇಡುವ ಜಾಗ ಬಾಗಿಲ ಹತ್ತಿರ, ನಮ್ಮ ಸೀಟು ಆ ಕಡೆಯ ತುದಿ. ಕಣ್ಣಿಗೆ ಕಾಣುವುದಿಲ್ಲ. ನಮ್ಮನೆಯವರು ಸೀಟು ಹುಡುಕುತ್ತಿದ್ದಾಗ ನಾನು ಸರಪಳಿ ತೆಗೆದು ಮೂರೂ ಸೂಟ್‌ಕೇಸುಗಳ ಹಿಡಿಕೆಗೆ ತೂರಿಸಿ, ಅಲ್ಲಿನ ಕಂಬಕ್ಕೆ ಸುತ್ತಿ ಕೀಲಿ ಜಡಿದೆ. ಮಗಳು ನೋಡಿಬಿಟ್ಟಳು.

"ಓ ಮೈ ಗಾಡ್, ಅಮ್ಮಾ. ಇಲ್ಲಿ ಯಾರೂ ನಿನ್ನ ಚಟ್ನಿಪುಡಿ ಕದಿಯಲ್ಲ."

"ಇರ್ಲಿ, ನಿಮ್ಮಜ್ಜನ ಸರಪಳಿ ಅದು."

ಅವಳಿಗೆ ನಾಚಿಕೆಯಾಗಿ, ನನ್ನ ಪರಿಚಯವೇ ಇಲ್ಲದವಳಂತೆ ಮುಂದೆ ಹೋಗಿ ಕಿಟಕಿ ಪಕ್ಕ ಕೂತು, ಕಿವಿಗೆ ಹೆಡ್‌ಫೋನ್ ಹಾಕಿಕೊಂಡಳು. ಡಬ್ಬಿಯೊಳಗೆ ಬೆಚ್ಚಗಿತ್ತು, ಜಾಕೆಟ್ ಬಿಚ್ಚಿ ಅವಳಿಗೆ ಕೊಟ್ಟೆ. ಬಹಳ ಹೊತ್ತು ಹಾಗೇ ಹೋಯಿತು. ಹಸಿರು ಬಯಲು, ಕಾಲುವೆ, ಆಕಳು. ಎದುರಿಗೆ ಕೂತ ಮಗಳ ಕಣ್ಣು ಫೋನಿನಲ್ಲಿ. ಇದಕ್ಕಾಗಿ ಇಷ್ಟೆಲ್ಲ ಜಗಳ ಮಾಡಿದೆನಲ್ಲ ಅಂತ ನನಗೇ ನಗು ಬಂತು, ಸ್ವಲ್ಪ ಅಳುವೂ ಬಂತು. ಏನೂ ತೋಚದೆ ಬುತ್ತಿ ಬಿಚ್ಚಿದೆ.

ಶೇಂಗಾ ಚಟ್ನಿಯ ಬಳ್ಳೊಳ್ಳಿ ವಾಸನೆ ಡಬ್ಬಿಯ ಆ ತುದಿಗೆ ಮುಟ್ಟಿರಬೇಕು. ಪಕ್ಕದ ಸಾಲಿನಲ್ಲಿದ್ದ ಬಿಳಿ ಕೂದಲಿನ ಮುದುಕರೊಬ್ಬರು ಪುಸ್ತಕ ಮಡಚಿ ನೋಡಿದರು. ನಾನು ಒಂದು ರೊಟ್ಟಿ ಮುರಿದು, ಮೇಲೆ ಚಟ್ನಿ ಹಾಕಿ, ಎಣ್ಣೆ ಬಿಟ್ಟು ಕೊಟ್ಟೆ. ನಮ್ಮನೆಯವರು "ಎಂತ ಮಾಡ್ತಿ ನೀನು" ಅಂತ ಮೆಲ್ಲಗೆ ಗದರಿದರು. ಮುದುಕರು ಕರಂ ಕುರುಂ ಅಂತ ತಿಂದು, ಕಣ್ಣಲ್ಲಿ ನೀರು ತಂದುಕೊಂಡು, ಇದೇನು ಅಂತ ಕೇಳಿದರು. ಕಡಕ್ ರೊಟ್ಟಿಗೆ ಇಂಗ್ಲಿಷಿನಲ್ಲಿ ಏನನ್ನಬೇಕು ಅಂತ ನಾನು ಹುಡುಕುತ್ತಿದ್ದೆ. ಆಗ ಮಗಳು ಹೆಡ್‌ಫೋನ್ ತೆಗೆದು, ಇದು ನಮ್ಮ ಅಜ್ಜಿಯ ರೆಸಿಪಿ, ರೈಲಿಗೆ ಮಾತ್ರ ಮಾಡುವುದು ಅಂತ ಅವರಿಗೆ ವಿವರಿಸಿದಳು. ನಾನು ಹಾಗೆ ಯಾವಾಗ ಹೇಳಿದ್ದೆನೋ, ಅವಳು ಯಾವಾಗ ಕೇಳಿಸಿಕೊಂಡಿದ್ದಳೋ. ಆಮೇಲೆ ಅವಳೂ ಒಂದು ತುಂಡು ಮುರಿದುಕೊಂಡು "ಅಜ್ಜಿ ರಿಯಲಿ ಟ್ರೇನಲ್ಲಿ ಮಾತ್ರ ಮಾತಾಡ್ತಿದ್ರಾ?" ಅಂದಳು.

ಅಷ್ಟು ಸಾಕಾಯಿತು ನನಗೆ. ಅವ್ವ, ಒಲೆ, ಜಡೆ, ಮುಂದಿನ ಸಲ, ಎಲ್ಲ ಹೇಳಿದೆ. ಮೋತಿಯ ಕಥೆಗೆ ಬಂದೆ. ಒಂದು ದಿನ ಸಂಜೆ ಮೋತಿ ಟಾಂಗಾ ಎಳೆದುಕೊಂಡು ತಾನಾಗಿಯೇ ಮನೆಗೆ ಬಂತು. ಟಾಂಗಾ ಖಾಲಿ. ಲಗಾಮು ನೆಲದ ಮೇಲೆ ಎಳೆದಾಡುತ್ತಿತ್ತು. ಅಜ್ಜ ಇಲ್ಲ. ಅಜ್ಜಿ ಎದೆ ಬಡಿದುಕೊಂಡಳು, ಓಣಿಯ ಜನ ಕಂದೀಲು ಹಿಡಿದು ಹುಡುಕಲು ಹೊರಟರು. ಅಷ್ಟು ಹೇಳುವಾಗ ಕಲೋನ್ ಬಂತು ಅಂತ ರೈಲಿನಲ್ಲಿ ಕೂಗಿದರು.

"ಅಂಡ್ ದೆನ್?" ಅಂದಳು.

"ಸ್ಟೇಷನ್ ಬಂತು, ಏಳು. ಉಳಿದದ್ದು ಆಮೇಲೆ," ಅಂದೆ. ಅಂದ ಮೇಲೆ, ಇದು ಅವ್ವನ ಮಾತಲ್ಲವೇ ಅಂತ ಅನ್ನಿಸಿತು.

ಬಾಗಿಲ ಹತ್ತಿರ ಹೋಗಿ ನೋಡಿದರೆ ಕೀಲಿಕೈ ಇಲ್ಲ. ಸೊಂಟಕ್ಕೆ ಕೈ ಹಾಕಿದೆ. ಸೆರಗೇ ಇಲ್ಲ, ಪ್ಯಾಂಟು. ಪರ್ಸನ್ನು ಅಲ್ಲೇ ನೆಲಕ್ಕೆ ಸುರಿದೆ. ಸೇಫ್ಟಿ ಪಿನ್ನು, ಏಲಕ್ಕಿ, ಕಾಫಿ ಅಂಗಡಿಯಿಂದ ತಂದ ಸಕ್ಕರೆಯ ಪುಡಿಕೆಗಳು, ಗುಡಿಯ ಕುಂಕುಮ. ಕೀಲಿಕೈ ಮಾತ್ರ ಇಲ್ಲ. ನಮ್ಮನೆಯವರು ಸರಪಳಿ ಹಿಡಿದು ಜಗ್ಗಿದರು. ಅಪ್ಪ ಕೊಟ್ಟ ಸರಪಳಿ ಅಷ್ಟಕ್ಕೆಲ್ಲ ಬಗ್ಗುವಂಥದ್ದಲ್ಲ. ಹಿಂದಿನವರು ನಮ್ಮನ್ನು ಬಳಸಿಕೊಂಡು ಇಳಿದರು, ಹೊಸಬರು ದಾಟಿಕೊಂಡು ಹತ್ತಿದರು. ಬಾಗಿಲು ಮುಚ್ಚಿತು. ನೋಡಲೇಬೇಕು ಅಂತ ನಾನು ಬರೆದಿಟ್ಟುಕೊಂಡಿದ್ದ ಆ ದೊಡ್ಡ ಚರ್ಚಿನ ಎರಡು ಗೋಪುರಗಳು ಕಿಟಕಿಯಲ್ಲಿ ಹಿಂದೆ ಸರಿದುಹೋದವು.

ಟಿಕೆಟ್ ನೋಡುವ ಹೆಂಗಸು ಬಂದಳು. ಸರಪಳಿಯನ್ನು ನೋಡಿದಳು, ನಮ್ಮನ್ನು ನೋಡಿದಳು, "ವೈ?" ಅಂತ ಒಂದೇ ಪದ ಕೇಳಿದಳು. ಅದಕ್ಕೆ ಉತ್ತರ ಹೇಳಬೇಕೆಂದರೆ ಹುಬ್ಬಳ್ಳಿಯಿಂದ ಶುರು ಮಾಡಬೇಕಾಗಿತ್ತು. ಸಾರಿ ಅಂದೆ. ಅವಳಿಗೆ ನಗು ತಡೆಯಲಾಗದೆ, ಮುಂದಿನ ನಿಲ್ದಾಣಕ್ಕೆ ಫೋನ್ ಮಾಡಿ ಕಟರ್ ತರಿಸುತ್ತೇನೆ, ಒಂದು ಗಂಟೆ ಹೀಗೇ ಇರಿ ಅಂದಳು.

ನಾವು ಕಟ್ಟಿಹಾಕಿದ ಸೂಟ್‌ಕೇಸುಗಳ ಮೇಲೇ ಕೂತೆವು. ಮೂವರ ಮೊಣಕಾಲು ಒಂದಕ್ಕೊಂದು ತಾಗುತ್ತಿತ್ತು. ನಮ್ಮನೆಯವರು ಸಿಟ್ಟಿನಿಂದ ಫೋನ್ ನೋಡುತ್ತಿದ್ದರು. ಮಗಳು ನನ್ನ ಕಡೆ ತಿರುಗಿ "ಸೋ, ಅಜ್ಜ ಎಲ್ಲಿದ್ರು?" ಅಂದಳು.

ಇದ್ದದ್ದು ರೈಲ್ವೆ ಸ್ಟೇಷನ್ನಿನಲ್ಲಿ, ಅಂದೆ. ಮಧ್ಯಾಹ್ನ ಒಬ್ಬರನ್ನು ಗಾಡಿಗೆ ಹತ್ತಿಸಲು ಹೋಗಿದ್ದ ಅಜ್ಜ, ಗಾಡಿ ಹೋದ ಮೇಲೂ ಪ್ಲಾಟ್‌ಫಾರ್ಮಿನ ಕಲ್ಲು ಬೆಂಚಿನ ಮೇಲೆ ಕೂತೇ ಇದ್ದ. ಕತ್ತಲಾದರೂ ಏಳಲಿಲ್ಲ. ಮೋತಿ ಹೊರಗೆ ಕಾದು ಕಾದು, ಬೇಸತ್ತು ಮನೆಗೆ ಬಂದಿತ್ತು. ಇಷ್ಟನ್ನು ಅವ್ವ ನನಗೆ ಹೇಳಿದ್ದು ಒಂದು ವರ್ಷ ಬಿಟ್ಟು, ಇನ್ನೊಂದು ಬೇಸಿಗೆಯ ರೈಲಿನಲ್ಲಿ. "ಆ ಗಾಡ್ಯಾಗ ಯಾರಿದ್ರವ್ವಾ?" ಅಂತ ಕೇಳಿದ್ದೆ. ಅವ್ವ ನನ್ನ ಜಡೆಯನ್ನು ಬಿಗಿಯಾಗಿ ಹೆಣೆಯುತ್ತ "ನಾನs" ಅಂದಿದ್ದಳು. ಮದುವೆಯಾಗಿ ಮೊದಲ ಸಲ ಹುಬ್ಬಳ್ಳಿಗೆ ಹೊರಟ ದಿನವಂತೆ ಅದು.

ಮಗಳು "ನೀನೂ ಪಿಯರ್ಸನ್‌ನಲ್ಲಿ ಹಾಗೆ ಕೂತ್ಕೋತೀಯಾ?" ಅಂದಳು.

"ಹುಚ್ಚಿ. ಪಾರ್ಕಿಂಗಿಗೆ ಎಷ್ಟು ಅಂತ ಗೊತ್ತದ ಏನು ನಿನಗ?" ಅಂದೆ. ಇಬ್ಬರೂ ನಕ್ಕೆವು. ನಕ್ಕ ಮೇಲೆ ಅವಳು ನನ್ನ ತೋಳಿಗೆ ತಲೆ ಆನಿಸಿದಳು, ನಾನು ಅಲುಗಾಡದೆ ಕೂತೆ.

ಮುಂದಿನ ನಿಲ್ದಾಣ ಯಾವುದು ಬಂತು ಅಂತೀರಿ? ಫ್ರಾಂಕ್‌ಫರ್ಟ್ ಏರ್‌ಪೋರ್ಟು. ಕೇಸರಿ ಜಾಕೆಟಿನ ಒಬ್ಬಾತ ಕಟರ್ ತಂದು ಒಂದೇ ಏಟಿಗೆ ಕೀಲಿ ಕತ್ತರಿಸಿ, ಸರಪಳಿಯನ್ನು ಮರ್ಯಾದೆಯಿಂದ ನನ್ನ ಕೈಗಿಟ್ಟ. ನಮ್ಮನೆಯವರು ಪ್ಲಾಟ್‌ಫಾರ್ಮಿನ ಮೇಲೆ ನಿಂತು ವಿಮಾನದ ಚಿತ್ರದ ಬೋರ್ಡನ್ನು ನೋಡಿದರು. ಸಿಟ್ಟೆಲ್ಲ ಇಳಿದಿತ್ತು.

"ಕಡೆಗೂ ಏರ್‌ಪೋರ್ಟಿಗೇ ಕರ್ಕೊಂಡು ಬಂದಿಯಲ್ಲ ಮಾರಾಯ್ತಿ," ಅಂದರು. "ಮೇಲೆ ಹೋದ್ರೆ ಜ್ಯೂರಿಕ್‌ಗೆ ಫ್ಲೈಟ್ ಉಂಟು. ಹೋಗುವನಾ?"

ನನಗೆ ವಾದ ಮಾಡುವ ಮುಖ ಉಳಿದಿರಲಿಲ್ಲ. ಮುಂದಿನ ಗಾಡಿ ತಪ್ಪಿಹೋಗಿತ್ತು, ರೈನ್ ನದಿಯೂ ಹೋಗಿತ್ತು. ಹೂಂ ಅನ್ನಲು ಬಾಯಿ ತೆರೆದೆ.

"ನೋ. ಟ್ರೇನ್," ಅಂದಳು ಮಗಳು.

"ಫ್ಲೈಟ್ ಫಾಸ್ಟರ್ ಅಂದಿದ್ದು ನೀನೇ ಅಲ್ವಾ?"

"ಐ ನೋ, ಪಪ್ಪಾ. ಟ್ರೇನ್."

ಎರಡಕ್ಕೆ ಒಂದು. ಸಿಕ್ಕ ಗಾಡಿ ಹತ್ತಿ, ಗಡಿಯಲ್ಲಿ ಬದಲಿಸಿ, ಸಂಜೆಗೆ ಜ್ಯೂರಿಕ್ ಸೇರಿದೆವು. ಪ್ರಯಾಣ ಅಂದರೆ ದಂಡ ಅನ್ನುವ ನಮ್ಮನೆಯವರು ಇಡೀ ಪ್ರವಾಸದಲ್ಲಿ ಸುಖವಾಗಿ ಗೊರಕೆ ಹೊಡೆದದ್ದು ಆ ರೈಲಿನಲ್ಲಿಯೇ. ಅಷ್ಟೂ ಹೊತ್ತು ಮಗಳು ನನ್ನ ಜೊತೆ ಮಾತಾಡಿದಳು. ಏನೇನು ಅಂತ ಬರೆಯುವುದಿಲ್ಲ, ಅದು ಅವಳದು. ದೂರ ಹೋಗಲು ಅವಳಿಗೂ ಭಯವಿತ್ತು ಅಂತ ಮಾತ್ರ ಹೇಳುತ್ತೇನೆ. ನನಗೊಬ್ಬಳಿಗೇ ಅಂದುಕೊಂಡಿದ್ದೆ.

ಆಗಸ್ಟ್ ಕೊನೆಗೆ ಪಿಯರ್ಸನ್‌ಗೆ ಹೋಗಿ ಅವಳನ್ನು ಬಿಟ್ಟೆವು. ಅವಳು ಒಳಗೆ ಹೋಗಿ, ತಿರುಗಿ ಕೈ ಬೀಸಿ, ಗಾಜಿನ ಬಾಗಿಲಿನಾಚೆ ಮಾಯವಾದಳು. ನಾನು ಅಲ್ಲಿದ್ದ ಬೆಂಚಿನ ಮೇಲೆ ಕೂತೆ. ಕೂರಬೇಕು ಅಂತ ಅಂದುಕೊಂಡಿರಲಿಲ್ಲ. ನಮ್ಮನೆಯವರು ಸ್ವಲ್ಪ ಹೊತ್ತು ನೋಡಿ, "ಬಾ, ಏಳು. ನಮ್ಮ ಕುದುರೆಗೆ ತಾನಾಗಿ ಮನೆಗೆ ಹೋಗ್ಲಿಕ್ಕೆ ಗೊತ್ತಿಲ್ಲ" ಅಂದರು. ಫೋನ್ ನೋಡುವಂತೆ ನಟಿಸಿ ಅಂದು ಅವರೂ ಕಥೆ ಕೇಳಿದ್ದರು. ನಾನು ಏಳಲಿಲ್ಲ. ಅವರೂ ಪಕ್ಕದಲ್ಲಿ ಕೂತರು. ಪಾರ್ಕಿಂಗಿನ ಮಾತು ಆಡಲಿಲ್ಲ.

ಡಿಸೆಂಬರ್ ರಜೆಗೆ ಅವಳು ಬಂದಳು. ನಮ್ಮನೆಯವರಿಗೆ ಶಿಫ್ಟು ಇತ್ತು, ನಾನೊಬ್ಬಳೇ ಕರೆತರಲು ಹೋದೆ. ಎತ್ತರವಾಗಿದ್ದಳೋ, ಸಣ್ಣಗಾಗಿದ್ದಳೋ, ಏನೋ ಒಂದು ಬದಲಾಗಿತ್ತು. ಕಾರಿನ ಹತ್ತಿರ ಬಂದಾಗ ಅಭ್ಯಾಸಬಲದಿಂದ ಕೀ ಅವಳ ಕಡೆ ಚಾಚಿದೆ.

"ನೀನೇ ಓಡಿಸು ಅಮ್ಮಾ," ಅಂತ ಪಕ್ಕದ ಸೀಟಿನಲ್ಲಿ ಕೂತಳು. ಜಾಕೆಟಿನ ಜೇಬಿನಿಂದ ತನ್ನ ಹಾಸ್ಟೆಲಿನ ಕೀಗಳ ಗೊಂಚಲು ತೆಗೆದು ಇಬ್ಬರ ನಡುವೆ ಇಟ್ಟಳು. ಅದರಲ್ಲಿ ಒಂದು ಸಣ್ಣ ಹಿತ್ತಾಳೆಯ ಕೀಲಿಕೈ ಇತ್ತು. ಅದನ್ನು ನಾನು ಸಣ್ಣವಳಿದ್ದಾಗಿನಿಂದ, ಅವ್ವನ ಸೆರಗಿನ ಗಂಟಿನಲ್ಲಿ ಬಲ್ಲೆ.

"ಇದು ಎಲ್ಲಿ ಸಿಕ್ತು?"

"ಜಾಕೆಟಲ್ಲೇ ಇತ್ತು. ಅವತ್ತು ನೀನೇ ಹಾಕ್ಕೊಂಡಿದ್ದೆಯಲ್ಲ."

"ಯಾವಾಗ ಗೊತ್ತಾತು?"

ಅವಳು ಕಿಟಕಿಯಾಚೆ ನೋಡಿದಳು. "ಸ್ಟೇಷನ್ ಬರೋ ಮೊದಲೇ ಕೈಗೆ ಸಿಕ್ತು."

"ಮತ್ತ ಯಾಕ ಕೊಡಲಿಲ್ಲ? ಎಷ್ಟು ಒದ್ದಾಡಿದೆ ನಾನು."

"ಹಾರ್ಸ್ ಮನೆಗೆ ಬಂದಿತ್ತಷ್ಟೇ, ಅಮ್ಮಾ. ಅಜ್ಜ ಎಲ್ಲಿ ಅಂತ ನೀನಿನ್ನೂ ಹೇಳಿರಲಿಲ್ಲ. ಉಳಿದದ್ದು ಆಮೇಲೆ ಅಂತ ನೀನೇ ಅಂದೆ. ಆಮೇಲೆ ಅಂತ ಎಲ್ಲಿತ್ತು? ಐ ವಾಸ್ ಲೀವಿಂಗ್," ಅಂದಳು.

ನಾನು ಕಾರು ಶುರು ಮಾಡಿದೆ. ಅವಳು ಮಾತಾಡಲಿ ಅಂತ ನಾನು ಆಸೆಪಟ್ಟು ಆ ರೈಲು ಹತ್ತಿಸಿದ್ದೆ. ಅವಳು ನಾನು ಮಾತಾಡಲಿ ಅಂತ ಕೀಲಿಕೈ ಮುಚ್ಚಿಟ್ಟಿದ್ದಳು. ಊರ ಹೊರಗೆ ನಿಂತ ರೈಲಿನಲ್ಲಿ ಕೈ ಮುಗಿದು ಕೂತ ಹುಡುಗಿ ನಾನೊಬ್ಬಳೇ ಅಂತ ಇಷ್ಟು ವರ್ಷ ಅಂದುಕೊಂಡಿದ್ದೆನಲ್ಲ.

ಏರ್‌ಪೋರ್ಟಿನಿಂದ ನಮ್ಮ ಮನೆ ಎಷ್ಟು ಹತ್ತಿರವೆಂದರೆ ಕಾರಿನ ಹೀಟರ್ ಬಿಸಿಯಾಗುವುದರೊಳಗೆ ಮನೆ ಬರುತ್ತದೆ. ನಮ್ಮ ಓಣಿಗೆ ತಿರುಗುವ ಸಿಗ್ನಲ್ ಬಂತು. ಇಂಡಿಕೇಟರ್ ಹಾಕಿದೆ.

"ಬೇಡ ಅಮ್ಮಾ, ಸ್ಟ್ರೇಟ್ ಹೋಗು," ಅಂದಳು. "ಬ್ರ್ಯಾಂಪ್ಟನ್ ತನಕ ಹೋಗಿ ಬರೋಣ. ನಿನಗೆ ಒಂದು ವಿಷಯ..."

ಅಷ್ಟರಲ್ಲಿ ನಮ್ಮ ತಲೆಯ ಮೇಲೆ ವಿಮಾನವೊಂದು ಇಳಿಯುತ್ತ ಬಂತು. ಅವಳು ನಿಲ್ಲಿಸಿದಳು. ನಾನು ಇಂಡಿಕೇಟರ್ ತೆಗೆದು ನೇರ ಹೊರಟೆ. ವಿಮಾನ ಹೋಗುವ ತನಕ ಇಬ್ಬರೂ ರಸ್ತೆ ನೋಡುತ್ತ ಕಾದೆವು.

"ಹಾಂ, ಈಗ ಹೇಳು," ಅಂದೆ.